ಶ್ರುತಿ ಪೆಟ್ಟಿಗೆ ಇಟ್ಟು ಕೇಳಿದ ಸೊನಾಟಾ

ನನ್ನ ಸೊಸೆ ಪಿಯಾನೋ ಪರೀಕ್ಷೆಯಲ್ಲಿ ನಪಾಸಾದ ಸುದ್ದಿ ಬಂದಾಗ ನಾನು ಅವರೆಕಾಳು ಹಿತುಕುತ್ತಾ ಕೂತಿದ್ದೆ. ಅವಳು ಫೋನ್ ಇಟ್ಟು ಬಂದು ನನ್ನ ಎದುರಿಗೆ ಕೂತಳು, ನೆನೆಹಾಕಿದ ಕಾಳಿನ ಪಾತ್ರೆಗೆ ಕೈ ಹಾಕಿದಳು. ಅಳಲಿಲ್ಲ. ಹಿತುಕಿದ ಕಾಳು ಮಾತ್ರ ತಟ್ಟೆಗೆ ಬೀಳದೆ ಗೋಡೆಗೆ ಹೋಗಿ ಬಡಿಯುತ್ತಿತ್ತು.

"ಫೇಲಾ?" ಅಂದೆ.

"ಫೇಲ್ ಅತ್ತೆ."

"ಬೆರಳು ತಪ್ತಾ?"

"ಬೆರಳಿಗೆ ಒಳ್ಳೇ ಮಾರ್ಕ್ಸೇ ಬಂದಿದೆ. ಕಿವೀಲಿ ಹೋಯ್ತು."

ಕಿವಿಯಲ್ಲಿ ಯಾರಾದರೂ ನಪಾಸಾಗುತ್ತಾರಾ ಅಂತ ನನಗೆ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡೆ. ಆಮೇಲೆ ಅವಳೇ ಬಿಡಿಸಿ ಹೇಳಿದಳು. ಪರೀಕ್ಷೆ ಮಾಡುವವರು ಹೊರದೇಶದಿಂದ ಬರುತ್ತಾರೆ. ಮೊದಲು ಅವರ ಮುಂದೆ ನುಡಿಸಬೇಕು. ಆಮೇಲೆ ನುಡಿಸಿದ್ದರ ಬಗ್ಗೆ ಕೇಳಿದ್ದಕ್ಕೆ ಉತ್ತರ ಹೇಳಬೇಕು. ಕೊನೆಗೆ ಅವರೇ ಒಂದು ಹೊಸ ತುಂಡು ನುಡಿಸುತ್ತಾರೆ, ಪುಸ್ತಕ ನೋಡದೆ ಬರೀ ಕೇಳಿಸಿಕೊಂಡು, ರಾಗ ಎಲ್ಲಿ ಜಾಗ ಬಿಟ್ಟಿತು, ಎಲ್ಲಿ ವಾಪಸ್ ಬಂತು ಅಂತ ಆಗಲೇ ಹೇಳಬೇಕು. ಇವಳು ನುಡಿಸಿದ್ದು ಒಂದು ಹಳೆಯ ಕಾಲದ ಸೊನಾಟಾದ, ಅಂದರೆ ಪಿಯಾನೋಗೆಂದೇ ಬರೆದ ಉದ್ದನೆಯ ತುಂಡಿನ, ಮೊದಲ ಭಾಗ. ನುಡಿಸಿ ಮುಗಿಸಿದ ಮೇಲೆ ಆತ, "ನಡುವೆ ಎಲ್ಲೆಲ್ಲೋ ಅಲೆದು ಮೊದಲಿನ ರಾಗ ವಾಪಸ್ ಬರುತ್ತಲ್ಲ, ಅದು ಮೊದಲು ಬಂದ ಸ್ವರದ ಜಾಗದಲ್ಲೇ ಬರುತ್ತಾ?" ಅಂತ ಕೇಳಿದನಂತೆ. ಇವಳು ಹೌದು ಅಂದಳು. ಖಂಡಿತಾನಾ ಅಂತ ಇನ್ನೊಂದು ಸಲ ಕೇಳಿದ. ಖಂಡಿತ ಅಂದಳು. ಅದು ತಪ್ಪು. ಆಮೇಲೆ ಅವನು ನುಡಿಸಿದ ಹೊಸ ತುಂಡಿನಲ್ಲೂ ಹಾಗೇ ಆಯಿತು.

"ಒಂದು ವರ್ಷದಿಂದ ನುಡಿಸ್ತಿದೀನಿ ಅತ್ತೆ ಅದನ್ನ. ನಾನ್ ಎಲ್ಲಿದೀನಿ ಅಂತಾನೇ ನಂಗೆ ಗೊತ್ತಿರ್ಲಿಲ್ಲ."

ಇದು ಅವಳಿಗೆ ಹೊತ್ತು ಕಳೆಯುವ ಆಟವಾಗಿರಲಿಲ್ಲ. ಬಸವೇಶ್ವರನಗರದ ಒಂದು ಶಾಲೆಯವರು, ಈ ಪರೀಕ್ಷೆ ಪಾಸು ಮಾಡಿಕೊಂಡು ಬಾ, ಸಂಗೀತದ ಟೀಚರ್ ಕೆಲಸ ನಿನಗೇ ಅಂದಿದ್ದರು. ಈಗಿರುವ ಟೀಚರಮ್ಮ ಜೂನ್‌ಗೆ ಬಿಡುವವರು. ಅಷ್ಟರೊಳಗೆ, ಬೇಸಿಗೆಯಲ್ಲಿ, ಇನ್ನೊಂದು ಪರೀಕ್ಷೆ ಇತ್ತು. ಅದರಲ್ಲೂ ಹೋದರೆ ಕೆಲಸ ಬೇರೆ ಯಾರಿಗೋ. ಅವಳು ಹುಟ್ಟಿ ಬೆಳೆದ ಮನೆಯಲ್ಲೂ ಒಂದು ಕೆಲಸ ಮಾಡಲು ಬಿಟ್ಟಿರಲಿಲ್ಲ, ನಮ್ಮ ಮನೆಗೆ ಬಂದ ಮೇಲೂ ಅದು ಇದು ಅಂತ ಆಗಿರಲಿಲ್ಲ. ಇದೊಂದು ಅವಳೇ ಹುಡುಕಿಕೊಂಡದ್ದು.

ರಾತ್ರಿ ಊಟಕ್ಕೆ ಕೂತಾಗ ನನ್ನ ಮಗ, ಅವನು ವಿಮೆ ಆಫೀಸಿನಲ್ಲಿ ಗುಮಾಸ್ತ, ಸಮಾಧಾನ ಹೇಳಲು ಹೋದ. "ಸಾಕ್ ಬಿಡೇ. ಮನೇಲೇ ನುಡಿಸ್ಕೊಂಡಿರು. ಬೇಡ ಅಂದೋರ್ ಯಾರು?"

"ನೀನ್ ಬಾಯ್ ಮುಚ್ಕೊಂಡು ಸಾರು ಉಣ್ಣೋ," ಅಂದೆ.

ನನಗೂ ಸೊಸೆಗೂ ಅಂಥ ಅಕ್ಕರೆ ಏನೂ ಇರಲಿಲ್ಲ. ಜಗಳವೂ ಇರಲಿಲ್ಲ. ಒಂದು ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ಎಷ್ಟು ಮಾತಾಡಬೇಕೋ ಅಷ್ಟು ಮಾತಾಡುತ್ತಿದ್ದೆವು. ಆದರೆ ಕೈ ಹಾಕಿದ ಕೆಲಸ ಅರ್ಧಕ್ಕೆ ಬಿಟ್ಟು ಏಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅವಳು ಏಳಬಾರದು ಅನ್ನಿಸಿತು, ಅಷ್ಟೇ.

ಹಾಗಂತ ಆ ಪಿಯಾನೋ ಕಂಡರೆ ನನಗೆ ಪ್ರೀತಿ ಅಂತಲೂ ಅಲ್ಲ. ಕಂಟೋನ್ಮೆಂಟ್ ಕಡೆ ಯಾರೋ ಮನೆ ಖಾಲಿ ಮಾಡುವಾಗ ಮಾರಿದ್ದನ್ನು ಮಗ ಸೊಸೆ ಕೊಂಡು ತಂದಿದ್ದರು. ನಾವು ವಿಜಯನಗರದಲ್ಲಿ ಮಹಡಿಯ ಮೇಲೆ ಇರುವುದು, ಕೆಳಗೆ ಬಾಡಿಗೆಯವರು. ಅದು ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡು ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ ಮಧ್ಯಾಹ್ನವೆಲ್ಲ ಅಲ್ಲೇ ನಿಂತಿತ್ತು. ಬೀದಿಯವರೆಲ್ಲ ನೋಡಲು ಬಂದರು. "ಏನಜ್ಜೀ, ಬೀರುನಾ?" ಅಂತ ಒಬ್ಬ ಕೇಳಿದ. "ಆನೆ ಕಣಪ್ಪ. ಮೇಲೆ ಕಟ್ಟಾಕ್ತೀವಿ," ಅಂದೆ.

ಇನ್ನು ನನಗೂ ಸಂಗೀತಕ್ಕೂ ಏನು ಸಂಬಂಧ ಅಂದರೆ, ನಮ್ಮ ಬೀದಿಯ ಭಜನೆ ಮಂಡಳಿ. ಶನಿವಾರ ಸಂಜೆ ಹೆಂಗಸರೆಲ್ಲ ಸೇರಿ ಹಾಡುತ್ತಾರೆ. ಅವರೆಲ್ಲ ಪುಸ್ತಕ ಇಟ್ಟುಕೊಂಡು ಹಾಡುವವರು. ನಾನು ಓದಿದ್ದು ಎರಡನೇ ಕ್ಲಾಸು, ನಾನು ಒಂದು ಸಾಲು ಕೂಡಿಸಿ ಓದುವಷ್ಟರಲ್ಲಿ ಅವರು ಮಂಗಳಾರತಿಗೆ ಬಂದಿರುತ್ತಾರೆ. ಅದಕ್ಕೆ ನನ್ನ ಕೈಗೆ ಶ್ರುತಿ ಪೆಟ್ಟಿಗೆ ಕೊಟ್ಟರು. ಕರೆಂಟಿನದು, ಊಟದ ಡಬ್ಬಿಯಷ್ಟಿದೆ. ತಿರುಪು ತಿರುಗಿಸಿ ಹಾಡುವವರ ದನಿಗೆ ಸರಿಯಾಗಿ ಕೂರಿಸಿಬಿಟ್ಟರೆ, ಸ ಮತ್ತು ಪ, ಎರಡೇ ಸ್ವರ, ಹಾಡು ಮುಗಿಯುವ ತನಕ ಝುಂ ಅಂತ ಹೇಳುತ್ತಲೇ ಇರುತ್ತದೆ. ಹಾಡುವವರು ಎಲ್ಲಿಗೆ ಹೋದರೂ ಆ ಸ ಕ್ಕೇ ಬಂದು ಇಳಿಯಬೇಕು. ಯಾರು ಜಾರಿದರೂ ನನಗೆ ತಿಳಿಯುತ್ತದೆ. ವರ್ಷಗಟ್ಟಲೆ ಬರೀ ಅದನ್ನೇ ಕೇಳುತ್ತಾ ಕೂತರೆ ಯಾರಿಗಾದರೂ ತಿಳಿಯುತ್ತದೆ, ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನಿಲ್ಲ.

ನಪಾಸಾದ ಮೇಲೆ ಕೆಲವು ದಿನ ಅವಳು ಪಿಯಾನೋದ ಮುಚ್ಚಳ ತೆಗೆಯಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ಮಗ ಆಫೀಸಿಗೆ ಹೋದ ಮೇಲೆ, ಅದೇ ಸೊನಾಟಾ ಶುರು ಮಾಡಿದಳು. ನಾನು ಒಗ್ಗರಣೆ ಹಾಕುತ್ತಾ ಕೇಳುತ್ತಿದ್ದೆ. ಕೇಳುತ್ತಾ ಕೇಳುತ್ತಾ ನನ್ನದೇ ಒಂದು ತೀರ್ಮಾನಕ್ಕೆ ಬಂದೆ. ಇವಳು ಇಷ್ಟು ದಿನ ಶ್ರುತಿ ಹಾಕಿಕೊಳ್ಳದೆ ನುಡಿಸುತ್ತಿದ್ದಾಳೆ. ಶ್ರುತಿ ಇಲ್ಲದಿದ್ದರೆ ದಾರಿ ತಪ್ಪದೆ ಇನ್ನೇನಾಗುತ್ತದೆ?

ಒಲೆ ಆರಿಸಿದೆ. ಪೆಟ್ಟಿಗೆ ತಂದು ಪಿಯಾನೋದ ತಲೆ ಮೇಲೆ ಇಟ್ಟು ಪ್ಲಗ್ ಹಾಕಿದೆ. ಆ ತುಂಡು ಶುರುವಾದ ಸ್ವರದಲ್ಲೇ ಮುಗಿಯುತ್ತದೆ ಅನ್ನುವುದು ನನಗೆ ಗೊತ್ತಿತ್ತು, ಆ ಸ್ವರಕ್ಕೇ ತಿರುಪು ಕೂರಿಸಿದೆ. ಝುಂ ಅಂತು.

ಅವಳು ಕೈ ಎತ್ತಿದಳು. "ಅತ್ತೆ, ಏನಿದು?"

"ಶ್ರುತಿ."

"ಇದಕ್ಕೆ ಶ್ರುತಿ ಹಾಕಲ್ಲ ಅತ್ತೆ. ಯಾರೂ ಹಾಕಲ್ಲ."

"ಯಾರೂ ಹಾಕಲ್ಲ ಅಂತ ನೀನೂ ಹಾಕ್ಲಿಲ್ಲ. ಏನಾಯ್ತು?"

ಅವಳ ಮುಖ ಕೆಂಪಗಾಯಿತು. "ಹೆಂಗ್ ಕೇಳ್ಸತ್ತೆ ಅಂತ ನೀವೇ ನೋಡಿ. ಕಿವಿ ಮುಚ್ಕೊಂಡು ಓಡ್ತೀರ," ಅಂದು, ಪೆಟ್ಟಿಗೆ ಆರಿಸದೆ ಸಿಟ್ಟಿನಲ್ಲೇ ಮೊದಲಿನಿಂದ ನುಡಿಸತೊಡಗಿದಳು.

ಈ ಸೊನಾಟಾದ ಮೊದಲ ರಾಗ ಜೋರಾಗಿ ಒಂದು ಏಟು ಹಾಕಿ, ಮೇಲಿನಿಂದ ಮೆಟ್ಟಿಲು ಇಳಿದ ಹಾಗೆ ಇಳಿದು ಬರುತ್ತದೆ. ಅದಕ್ಕೆ ಮೆತ್ತಗೆ ಒಂದು ಉತ್ತರ. ಎಡಗೈ ಬೀಸುವ ಕಲ್ಲಿನ ಹಾಗೆ ಒಂದೇ ಸಮ ಸುತ್ತುತ್ತಿರುತ್ತದೆ. ಇಷ್ಟಕ್ಕೂ ಪೆಟ್ಟಿಗೆಗೂ ಹೊಂದಾಣಿಕೆ ಹಾಲು ಸಕ್ಕರೆ. ನಾನು ಗೆದ್ದೆ ಅನ್ನುವ ಹಾಗೆ ಅವಳ ಕಡೆ ನೋಡಿದೆ. ಅವಳು ನೋಡಲಿಲ್ಲ.

ಆಮೇಲೆ ಬಲಗೈ ಓಡಲು ಶುರು ಮಾಡುತ್ತದೆ. ಆ ಓಟದ ನಡುವೆ ಮ ಇದ್ದ ಜಾಗದಲ್ಲಿ ಒಂಚೂರು ಮೇಲಕ್ಕೆ ಎತ್ತಿದ ಇನ್ನೊಂದು ಸ್ವರ ಬರುತ್ತದೆ. ಪೆಟ್ಟಿಗೆ ಇಲ್ಲದಾಗ ಅದು ಕಿವಿಗೇ ಬೀಳುತ್ತಿರಲಿಲ್ಲ. ಈಗ ಅನ್ನದಲ್ಲಿ ಸಿಕ್ಕ ಕಲ್ಲಿನ ಹಾಗೆ ಹಲ್ಲಿಗೆ ಸಿಕ್ಕಿತು. ಆ ಒಂದು ಸ್ವರ ಬಂದದ್ದೇ ತಡ, ರಾಗಕ್ಕೆ ರಾಗವೇ ಜಾಗ ಬಿಟ್ಟು ಎದ್ದಿತು. ಎರಡನೇ ರಾಗ ಬಂತು, ಅದು ನಯವಾದದ್ದು, ಬಳುಕುವಂಥದ್ದು. ಪೆಟ್ಟಿಗೆ ಸ ಅನ್ನುತ್ತಿದೆ, ಇದು ಪ ವನ್ನು ತನ್ನ ಸ ಮಾಡಿಕೊಂಡು ಕಾಲು ಚಾಚಿ ಕೂತಿದೆ. ಪೂರ್ತಿ ಜಗಳ ಅಲ್ಲ, ಪ ಪೆಟ್ಟಿಗೆಯಲ್ಲೂ ಇದೆಯಲ್ಲ. ಪಕ್ಕದ ಮನೆ ಜಗುಲಿಯಲ್ಲಿ ಕೂತು ನಮ್ಮ ಮನೆ ನೋಡಿದ ಹಾಗೆ.

ಅಲ್ಲಿಗೆ ಒಂದು ನಿಲುಗಡೆ. ಅಲ್ಲಿಂದ ಮತ್ತೆ ಮೊದಲಿನಿಂದ ಅಷ್ಟನ್ನೂ ಇನ್ನೊಂದು ಸಲ ನುಡಿಸಬೇಕು, ಪುಸ್ತಕದಲ್ಲಿ ಎರಡು ಚುಕ್ಕೆ ಇಟ್ಟಿರುತ್ತಾರೆ. ಹೇಳಿದ್ದೇ ಹೇಳುವುದು ಯಾಕೆ ಅಂತ ನಾನು ಮುಂಚೆ ಬೈಯುತ್ತಿದ್ದೆ. ಅವತ್ತು ತಿಳಿಯಿತು. ಹೊರಟ ಜಾಗ ಕೇಳುವವರ ತಲೆಯಲ್ಲಿ ಗಟ್ಟಿಯಾಗಿ ಕೂರಲಿ ಅಂತ. ಯಾಕೆಂದರೆ ಮುಂದೆ ಬರುವುದು ಅಲೆದಾಟ.

ಆ ನಡುವಿನ ಭಾಗ ಪೆಟ್ಟಿಗೆಯ ಜೊತೆ ಕೇಳುವುದು ಕಷ್ಟ. ರಾಗವನ್ನು ಪೂರ್ತಿ ಹೇಳುವುದಿಲ್ಲ, ಅದರ ಬಾಲ ಮಾತ್ರ ಹಿಡಿದು ಒಂದು ಕೈ ಅನ್ನುತ್ತದೆ, ಇನ್ನೊಂದು ಕೈ ಎದುರು ಹೇಳುತ್ತದೆ. ರಾಗದ ಬಣ್ಣ ಕಪ್ಪಾಗುತ್ತದೆ. ಎಲ್ಲೂ ಕೂರುವುದಿಲ್ಲ. ಪೆಟ್ಟಿಗೆ ಒಂದು ಕಡೆ ಎಳೆದರೆ ಪಿಯಾನೋ ಇನ್ನೊಂದು ಕಡೆ. ಕೆಳಗಿನ ಬಾಡಿಗೆ ಮನೆಯಾಕೆ ಅಂಗಳಕ್ಕೆ ಬಂದು ಕೂಗಿದಳು, "ಅಮ್ಮಾ, ಮೇಲ್ಗಡೆ ಮಿಕ್ಸಿ ಏನಾದ್ರೂ ಕೆಟ್ಟೋಯ್ತಾ?"

ಸೊಸೆ ನಿಲ್ಲಿಸಲಿಲ್ಲ. ನನಗೆ ಬುದ್ಧಿ ಕಲಿಸಬೇಕಿತ್ತಲ್ಲ. ಅಲೆದು ಅಲೆದು ಕೊನೆಗೆ ಅದೇ ಮೊದಲ ರಾಗ ಬಂತು, ಜೋರಾಗಿ ಏಟು ಹಾಕಿ ಮೆಟ್ಟಿಲು ಇಳಿಯುವ ರಾಗ. ಅಂತೂ ಬಂತಪ್ಪ ಅಂತ ನಾನು ಉಸಿರು ಬಿಡಬೇಕು ಅನ್ನುವಷ್ಟರಲ್ಲಿ ಪೆಟ್ಟಿಗೆ ಒಪ್ಪಲಿಲ್ಲ. ಕಿರ್ ಅಂತು. ಅದೇ ರಾಗ, ಅದೇ ಏಟು, ಅದೇ ಇಳಿತ, ಆದರೆ ಕೂತಿರುವುದು ಮ ದ ಮೇಲೆ.

ಅವಳ ಕೈ ನಿಂತಿತು. ಪೆಟ್ಟಿಗೆ ಝುಂ ಅನ್ನುತ್ತಲೇ ಇತ್ತು. ಅವಳು ಅದೇ ಜಾಗ ಇನ್ನೊಂದು ಸಲ ಬಾರಿಸಿದಳು. ಮತ್ತೊಂದು ಸಲ ಬಾರಿಸಿದಳು.

"ಅತ್ತೆ," ಅಂದಳು. "ಇದು ಹೊರಟ ಮನೆ ಅಲ್ಲ."

"ನಾನೂ ಅದೇ ನೋಡ್ತಿದೀನಿ. ಮುಖ ಅದೇ, ಜಾಗ ಬೇರೆ."

"ಪುಸ್ತಕದಲ್ಲಿ ಬರೆದಿದಾರೆ ಅತ್ತೆ, ಇಲ್ಲಿ ಬೇರೆ ಕೀ, ಬೇರೆ ಸ, ಅಂತ. ಓದ್ಬಿಟ್ಟು ಮರ್ತೋಗ್ತಿತ್ತು. ಕೇಳಿರ್ಲೇ ಇಲ್ಲ ನಾನು. ಇವತ್ತು ಕೇಳ್ಸ್ತು!"

ಅವಳು ಮುಂದಕ್ಕೆ ಹೋದಳು. ಆ ಸುಳ್ಳು ವಾಪಸಾತಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ತಾನು ಬಂದ ಬಾಗಿಲು ಇದಲ್ಲ ಅಂತ ಅದಕ್ಕೇ ತಿಳಿದ ಹಾಗೆ ಮೆತ್ತಗೆ ಜಾರಿಕೊಳ್ಳುತ್ತದೆ. ಆಮೇಲೆ ಎಡಗೈ ಪ ದ ಮೇಲೆ ನಿಂತು ಬಡಿಯುತ್ತಾ ಬಡಿಯುತ್ತಾ ಕಾಯಿಸುತ್ತದೆ. ಬಾಗಿಲ ಮುಂದೆ ಬಂದು ಚಪ್ಪಲಿ ಬಿಡುವ ಹೊತ್ತು ಅದು. ಆಮೇಲೆ ನಿಜವಾದ ಮನೆ. ಜೋರಾದ ಏಟು ಪೆಟ್ಟಿಗೆಯ ಸ ದ ಮೇಲೆ ಸರಿಯಾಗಿ ಬಿದ್ದಾಗ ಪಿಯಾನೋದ ಮರವೆಲ್ಲ ಝುಂ ಅಂದ ಹಾಗಾಯಿತು. ನಮ್ಮಿಬ್ಬರಿಗೂ ಒಟ್ಟಿಗೆ ನಗು ಬಂತು. ಆ ಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದಕ್ಕೆ ಮುಂಚೆ ನನಗೆ ನೆನಪಿಲ್ಲ.

ಇಲ್ಲಿ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ನಾನು ಶ್ರುತಿ ಹಾಕಿದ್ದು ತಪ್ಪು ತಿಳಿವಳಿಕೆಯಿಂದ. ನಮ್ಮ ಭಜನೆಯ ಹಾಗೆ ಆ ಸಂಗೀತವೂ ಒಂದೇ ಸ ಹಿಡಿದುಕೊಂಡು ನಿಲ್ಲಬೇಕು ಅಂದುಕೊಂಡಿದ್ದೆ. ಅದು ಹಾಗಲ್ಲ. ಅದು ಬೇಕು ಅಂತಲೇ ಮನೆ ಬಿಟ್ಟು ಹೋಗುತ್ತದೆ. ಬಿಟ್ಟು ಹೋಗುವುದು, ದಾರಿ ತಪ್ಪಿಸುವುದು, ಬಂದೆ ಅಂತ ಸುಳ್ಳು ಹೇಳುವುದು, ನಿಜವಾಗಿ ಬರುವುದು, ಇದೇ ಅದರ ಕಥೆ. ಪೆಟ್ಟಿಗೆ ಅದಕ್ಕೆ ಬೇಕಾಗಿಲ್ಲ. ನಮಗೆ ಬೇಕಾಗಿತ್ತು.

ಅವಳಿಗೆ ಕಲಿಸುವ ಟೀಚರ್ ಫ್ರೇಜರ್ ಟೌನಿನಿಂದ ಬಸ್ಸು ಬದಲಾಯಿಸಿ ಬರುತ್ತಿದ್ದ ಒಬ್ಬ ವಯಸ್ಸಾದ ಹೆಂಗಸು. ಫ್ರಾಕು, ಛತ್ರಿ, ಕನ್ನಡ ಅರ್ಧ ಇಂಗ್ಲಿಷ್ ಅರ್ಧ. ನಾವೆಲ್ಲ ಅವರನ್ನು ಮಿಸ್ ಅನ್ನುತ್ತಿದ್ದೆವು. ಮಾಗಡಿ ರಸ್ತೆಯಲ್ಲಿ ಮೆಟ್ರೋಗೆ ಅಗೆಯಲು ಶುರು ಮಾಡಿದ್ದ ಕಾಲ, ಸೀರೆ ಉಟ್ಟವರೇ ಆ ದೂಳಿನಲ್ಲಿ ಬೈದುಕೊಂಡು ಬರುತ್ತಿದ್ದರು, ಇವರು ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಬರುತ್ತಿದ್ದರು. ಅವತ್ತು ಬಂದವರು ಬಾಗಿಲಲ್ಲೇ ನಿಂತರು.

"ಏನಿದು? ಪಿಯಾನೋಗೆ ಪೂಜೆ ನಡೀತಾ ಇದ್ಯಾ?"

"ಇಲ್ಲ ಮಿಸ್, ಅತ್ತೆ ಶ್ರುತಿ ಹಾಕಿದಾರೆ."

ಮಿಸ್ ಛತ್ರಿ ಊರಿಕೊಂಡು ಬಿದ್ದು ಬಿದ್ದು ನಕ್ಕರು. "ಅಜ್ಜಿ, ಈ ಸೊನಾಟಾ ಬರೆದೋರು ಇದ್ನ ಕೇಳಿದ್ರೆ ಎದ್ದು ಬರ್ತಾರೆ."

"ಬರ್ಲಿ. ಕಾಫಿ ಕೊಡ್ತೀನಿ," ಅಂದೆ.

ಸೊಸೆ ನುಡಿಸಿ ತೋರಿಸಿದಳು. ಮ ದ ಮೇಲೆ ರಾಗ ಬಂದ ಜಾಗದಲ್ಲಿ ನಿಲ್ಲಿಸಿ, "ಇಲ್ಲಿ ಮಿಸ್. ಇಲ್ಲೇ ನಾನ್ ಮೋಸ ಹೋಗಿದ್ದು," ಅಂದಳು. ಮಿಸ್ ನಗು ನಿಲ್ಲಿಸಿದರು. ಅವರಿಗೇನು ಅದು ಹೊಸದಲ್ಲ, ಅವರು ಅದನ್ನೇ ಬಣ್ಣದ ಪೆನ್ಸಿಲಿನಲ್ಲಿ ಗೆರೆ ಎಳೆದು ಎಷ್ಟೋ ಸಲ ಹೇಳಿಕೊಟ್ಟಿದ್ದರು. ಆದರೆ ಹುಡುಗಿಗೆ ಕೇಳಿಸಿತಲ್ಲ ಅಂತ ಅವರಿಗೆ ಖುಷಿಯಾಯಿತು. ಅಲ್ಲೇ ಕುರ್ಚಿ ಎಳೆದುಕೊಂಡು ಕೂತು, "ಗುಡ್. ಆದ್ರೆ ಎಕ್ಸಾಮ್ ರೂಮಿಗೆ ಬಾಕ್ಸ್ ತಗೊಂಡ್ ಹೋಗೋಕಾಗಲ್ಲ. ಬಾಕ್ಸು ಇಲ್ಲಿರ್ಬೇಕು," ಅಂತ ಅವಳ ತಲೆಗೆ ಬೆರಳಲ್ಲಿ ಕುಟ್ಟಿದರು.

ಆ ಪೆಟ್ಟಿಗೆಯನ್ನು ತಲೆಯೊಳಗೆ ಇಡುವುದು ಹೇಗೆ? ಅದಕ್ಕೆ ದಾರಿ ತೋರಿಸಿದ್ದು ಕರೆಂಟು. ಆ ಬೇಸಿಗೆಯಲ್ಲಿ ಯಾವಾಗ ಬೇಕೋ ಆವಾಗ ಹೋಗುತ್ತಿತ್ತು. ಒಂದು ದಿನ ಅವಳು ಅಲೆದಾಟದ ಭಾಗದಲ್ಲಿರುವಾಗ ಫ್ಯಾನ್ ನಿಂತಿತು, ಪೆಟ್ಟಿಗೆ ಬಾಯಿ ಮುಚ್ಚಿತು. ಅವಳು ನಿಲ್ಲಿಸದೆ ನುಡಿಸಿಕೊಂಡು ಹೋದಳು. ನಿಜವಾದ ಮನೆಗೆ ಬಂದು ಇಳಿದಳು ಅನ್ನುವಷ್ಟರಲ್ಲಿ ಕರೆಂಟು ಬಂದುಬಿಟ್ಟಿತು. ಪೆಟ್ಟಿಗೆ ಝುಂ ಅಂತು, ಅವಳ ಕೈಯ ಕೆಳಗೆ ಸರಿಯಾಗಿ.

"ಅತ್ತೆ, ಇನ್ಮೇಲೆ ಸ್ವಿಚ್ ನೀವ್ ಹಿಡ್ಕೊಳಿ," ಅಂದಳು.

ಅಂದಿನಿಂದ ಅದು ನಮ್ಮ ಪದ್ಧತಿಯಾಯಿತು. ಶುರುವಿಗೆ ಪೆಟ್ಟಿಗೆ ಹಾಕುವುದು. ಅಲೆದಾಟ ಶುರುವಾದ ಕೂಡಲೇ ಆರಿಸುವುದು. ಅವಳು ನುಡಿಸುತ್ತಾ ಹೋಗಿ, ಮನೆಗೆ ಬಂದೆ ಅನ್ನಿಸಿದಾಗ "ಈಗ!" ಅನ್ನಬೇಕು. ನಾನು ಸ್ವಿಚ್ ಒತ್ತುವುದು. ಹೊಂದಿದರೆ ಸರಿ, ಕಿರ್ ಅಂದರೆ ತಪ್ಪು. ಅವಳಿಗೆ ಗೊತ್ತಿರುವ ತುಂಡಾದರೆ ಕೈಯೇ ಹೇಳಿಬಿಡುತ್ತದೆ ಅಂತ ಮಿಸ್ ಬೇರೆ ಬೇರೆ ಸೊನಾಟಾ ತಂದು ತಾವೇ ನುಡಿಸತೊಡಗಿದರು. ಇವಳು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಮೊದಮೊದಲು ಅವಳಿಗೆ ರಾಗದ ಮುಖ ಕಂಡರೆ ಸಾಕು, "ಈಗ!" ಅನ್ನುವಳು. ನಾನು ಒತ್ತುವೆ. ಕಿರ್.

"ಥೂ!" ಅನ್ನುವಳು.

"ಅವಸರ ಪಡ್ಬೇಡ ಕಣೇ. ಬಸ್ ನಿಲ್ಲೋಕ್ ಮುಂಚೆ ಇಳೀತಿದೀಯ."

"ನೀವ್ ಸ್ವಿಚ್ ಲೇಟಾಗ್ ಒತ್ತಿದ್ರಿ."

"ಲೇಟಾಗ್ ಒತ್ತಿದ್ರೆ ಸುಳ್ಳು ಮನೆ ನಿಜ ಆಗ್ಬಿಡತ್ತೇನೆ?"

ಮಿಸ್ ನಮ್ಮಿಬ್ಬರ ಜಗಳ ನೋಡುತ್ತಾ ಚಕ್ಕುಲಿ ತಿನ್ನುತ್ತಿದ್ದರು.

ಬರಬರುತ್ತಾ ಅವಳ "ಈಗ" ನಿಧಾನವಾಯಿತು, ಆಮೇಲೆ ಗಟ್ಟಿಯಾಯಿತು. ಸ್ವಿಚ್ ಒತ್ತುವ ಮುಂಚೆಯೇ ನನಗೆ ಅವಳ ದನಿಯಲ್ಲಿ ಗೊತ್ತಾಗುತ್ತಿತ್ತು, ಸರಿಯೋ ತಪ್ಪೋ ಅಂತ.

ನನಗೆ ಆ ತುಂಡಿನಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಮಾತ್ರ ಅದರ ಕೊನೆ. ಮನೆಗೆ ಬಂದ ಮೇಲೆ ಮೊದಲ ರಾಗ ಮೊದಲಿನಂತೆಯೇ ಬರುತ್ತದೆ. ಓಡುವ ಭಾಗವೂ ಬರುತ್ತದೆ, ಆದರೆ ಈ ಸಲ ಆ ಎತ್ತಿದ ಮ ಅದನ್ನು ಹೊರಗೆ ತಳ್ಳುವುದಿಲ್ಲ. ಎರಡನೇ ರಾಗ, ಪಕ್ಕದ ಮನೆ ಜಗುಲಿಯಲ್ಲಿ ಕೂತಿದ್ದ ಆ ನಯವಾದ ರಾಗ, ಈಗ ಸ ದ ಮೇಲೆ ಬಂದು ಕೂರುತ್ತದೆ. ಅಷ್ಟೂ ದೂರ ಅಲೆದದ್ದು ಇದಕ್ಕೇ ಅಂತ ನನಗೆ ಆವಾಗ ಅನ್ನಿಸಿದ್ದು. ಬರೀ ಮೊದಲ ರಾಗ ವಾಪಸಾದರೆ ಅದೇನು ದೊಡ್ಡ ಗೆಲುವಲ್ಲ, ಹೋದವನು ಬಂದ ಅಷ್ಟೇ. ಬೇರೆ ಕಡೆ ಇದ್ದದ್ದೂ ಈಗ ಇಲ್ಲಿಗೆ ಸೇರಿತು ಅನ್ನುವುದು ಗೆಲುವು.

ಭಜನೆ ಮಂಡಳಿಯಲ್ಲಿ ಇದನ್ನು ಹೇಳಿದರೆ ಅಲ್ಲಿ ಒಬ್ಬಾಕೆ ಕಣ್ಣಲ್ಲಿ ನೀರು ತಂದುಕೊಂಡಳು. "ಹೆಣ್ಮಗಳು ಗಂಡನ್ ಮನೆ ಸೇರ್ದಂಗೆ ಅಲ್ವೇನ್ರೀ!" ಅಂದಳು.

"ಏನಿಲ್ಲ ಬಿಡಿ," ಅಂದೆ. "ಗಂಡನ ಮನೆ ಸೇರಿದ್ಮೇಲೆ ನಾವು ನಡಿಗೆ ಬದಲಾಯಿಸ್ಬೇಕಿತ್ತು, ಮಾತು ತಗ್ಗಿಸ್ಬೇಕಿತ್ತು. ಆ ರಾಗ ಒಂದು ಸ್ವರಾನೂ ಬಿಟ್ಕೊಡಲ್ಲ. ಅದೇ ಬಳುಕು, ಅದೇ ನಡಿಗೆ. ಕೂರೋ ಜಾಗ ಮಾತ್ರ ಬದಲಾಯ್ತು. ನಮಗೆಲ್ಲಿ ಹಂಗಾಯ್ತು?"

ಆಕೆ ಕಣ್ಣು ಒರೆಸಿಕೊಂಡು ಪುಸ್ತಕ ತೆರೆದಳು.

ಪರೀಕ್ಷೆ ರಾಜಾಜಿನಗರದ ಒಂದು ಸಂಗೀತ ಶಾಲೆಯ ಮಹಡಿಯಲ್ಲಿ. ಮಗ ರಜೆ ಹಾಕುತ್ತೇನೆ ಅಂದ. ಬೇಡ, ಅತ್ತೆ ಬಂದರೆ ಸಾಕು ಅಂದಳು. ಆಟೋದಲ್ಲಿ ಹೋಗುವಾಗ ಅವಳ ಬೆರಳು ತೊಡೆಯ ಮೇಲೆ ಓಡುತ್ತಲೇ ಇತ್ತು.

ಹೊರಗೆ ಬೆಂಚಿನ ಮೇಲೆ ಮಕ್ಕಳನ್ನು ಕರೆತಂದ ತಾಯಂದಿರು ಕೂತಿದ್ದರು. ಒಬ್ಬಾಕೆ ನನ್ನನ್ನು ಮಾತಿಗೆಳೆದಳು. "ಮೊಮ್ಮಗಳಾ ಆಂಟಿ ಎಕ್ಸಾಮ್‌ಗೆ?"

"ಸೊಸೆ."

"ಸೊಸೇನಾ? ಈ ವಯಸ್ಸಲ್ಲಾ?"

"ಹೂಂ. ಇನ್ನೂ ಹಲ್ಲಿದೆ ಅವಳಿಗೆ," ಅಂದೆ. ಆಕೆ ಮಗಳ ಜಡೆ ಸರಿಮಾಡತೊಡಗಿದಳು.

ಬಾಗಿಲು ತೆಳ್ಳಗಿತ್ತು, ಮೇಲಿನ ಗಾಜಿನ ಕಿಟಕಿ ಸೆಕೆಗೆ ತೆರೆದಿತ್ತು. ಎಲ್ಲವೂ ಕೇಳಿಸುತ್ತಿತ್ತು. ಮೊದಲು ನಮ್ಮ ಸೊನಾಟಾ. ಆ ಪಿಯಾನೋ ನಮ್ಮದಕ್ಕಿಂತ ಗಟ್ಟಿ ದನಿಯದು. ಮೊದಲ ಏಟು ಬಿದ್ದಾಗ ಬೆಂಚಿನ ಮೇಲಿದ್ದ ಮಕ್ಕಳೆಲ್ಲ ತಲೆ ಎತ್ತಿದರು. ಸುಳ್ಳು ಮನೆಗೆ ಬಂದಾಗ ಅವಳು ಅದನ್ನು ಒಂಚೂರು ಮೆತ್ತಗೆ, ತಾನೇ ನಂಬದ ಹಾಗೆ ನುಡಿಸಿದಳು. ನಿಜವಾದ ಮನೆಗೆ ಬಂದಾಗ ತೋಳಿನ ಬಲವೆಲ್ಲ ಹಾಕಿದಳು. ಆಮೇಲೆ ಇಂಗ್ಲಿಷಿನಲ್ಲಿ ಪ್ರಶ್ನೆ, ಇಂಗ್ಲಿಷಿನಲ್ಲಿ ಉತ್ತರ. ನನಗೆ ಒಂದಕ್ಷರ ತಿಳಿಯಲಿಲ್ಲ, ಅವಳ ದನಿ ನಡುಗುತ್ತಿಲ್ಲ ಅನ್ನುವುದು ಮಾತ್ರ ತಿಳಿಯಿತು.

ಆಮೇಲೆ ಪರೀಕ್ಷೆ ಮಾಡುವಾತ ನುಡಿಸಲು ಶುರು ಮಾಡಿದ. ನಾನು ಜನ್ಮದಲ್ಲಿ ಕೇಳಿರದ ತುಂಡು. ಇದು ನಮ್ಮದರ ಹಾಗೆ ಏಟು ಹಾಕುವುದಲ್ಲ, ಮಳೆ ನಿಂತ ಮೇಲೆ ಸೂರಿನಿಂದ ನೀರು ತೊಟ್ಟಿಕ್ಕಿದ ಹಾಗೆ ಬಿಡಿ ಬಿಡಿಯಾಗಿ ಶುರುವಾಗುವ ರಾಗ. ಮನೆ ಎಲ್ಲಿ ಅಂತ ಹಿಡಿದುಕೊಂಡೆ. ರಾಗ ಜಾಗ ಬಿಟ್ಟು ಏಳುವಾಗ ನನಗೆ ತಿಳಿಯಿತು. ಒಳಗೆ ಇವಳೂ ಏನೋ ಅಂದಳು. ಸರಿ. ಅಲೆದಾಟ ಶುರುವಾಯಿತು. ಬಹಳ ದೂರ ಹೋಯಿತು, ಮರಳುವುದೇ ಇಲ್ಲವೇನೋ ಅನ್ನುವ ಹಾಗೆ. ಸ್ವಿಚ್ ಇಲ್ಲದ ಕೈ ಸುಮ್ಮನೆ ಮಡಿಲಲ್ಲಿ ಒದ್ದಾಡುತ್ತಿತ್ತು.

ಕೊನೆಗೆ ಆ ತೊಟ್ಟಿಕ್ಕುವ ರಾಗ ಬಂತು. ಬಂತು ನೋಡು ಅಂತ ನಾನು ಎದ್ದೇ ನಿಂತೆ. ಚೀಲ ಹೆಗಲಿಗೆ ಹಾಕಿಕೊಂಡೆ. ಒಳಗಿಂದ ಅವಳ ದನಿ ಬರಲಿಲ್ಲ.

ಅನ್ನೇ. ಈಗ ಅನ್ನೇ. ರಾಗ ಮುಂದಕ್ಕೆ ಹೋಗುತ್ತಿದೆ, ಇವಳು ಬಾಯಿ ಬಿಡುತ್ತಿಲ್ಲ. ಇಷ್ಟು ತಿಂಗಳು ಮಾಡಿದ್ದು ಹೋಯಿತು, ಶಾಲೆ ಹೋಯಿತು, ಈ ಮೂದೇವಿ ನಿದ್ದೆ ಹೊಡೆಯುತ್ತಿದ್ದಾಳಾ ಅಂತ ಬಾಗಿಲಿಗೆ ಕೈ ಇಟ್ಟುಬಿಡುತ್ತಿದ್ದೆ. ಅಷ್ಟರಲ್ಲಿ ರಾಗ ಮೆತ್ತಗೆ ಜಾರಿತು. ಜಾರಿ, ಒಂದು ಸ್ವರದ ಮೇಲೆ ನಿಂತು ಕಾಯಿಸಿತು. ಮತ್ತೆ ಅದೇ ತೊಟ್ಟಿಕ್ಕುವ ರಾಗ ಶುರುವಾಯಿತು, ಆ ಶುರುವಿನ ಮೇಲೆಯೇ, ಮೊಳೆ ಹೊಡೆದ ಹಾಗೆ ಅವಳ ದನಿ ಬಂತು.

"ನೌ!"

ಆವಾಗ ನನಗೆ ಕೇಳಿಸಿತು, ಮನೆ ಎಲ್ಲಿತ್ತು ಅಂತ. ನಾನು ಎದ್ದು ನಿಂತದ್ದು ಬೇರೆ ಯಾರದೋ ಬಾಗಿಲಲ್ಲಿ. ವರ್ಷಗಟ್ಟಲೆ ಪೆಟ್ಟಿಗೆ ಹಿಡಿದ ನಾನು ಮೋಸ ಹೋಗಿದ್ದೆ. ಅವಳು ಹೋಗಿರಲಿಲ್ಲ. ಬೆಂಚಿನ ಮೇಲೆ ಧಪ್ಪನೆ ಕೂತು ಗಟ್ಟಿಯಾಗಿ ನಕ್ಕುಬಿಟ್ಟೆ. ಪಕ್ಕದಾಕೆ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ಅವಳು ಹೊರಗೆ ಬಂದಾಗ ಬೆವರಿನಲ್ಲಿ ತೊಯ್ದಿದ್ದಳು. ಇಬ್ಬರೂ ಮೆಟ್ಟಿಲು ಇಳಿದೆವು. ರಸ್ತೆಗೆ ಬಂದ ಮೇಲೆ ನಾನೇ ಅಂದೆ, "ಆ ಮೊದಲ್ನೇ ಸಲ ಬಂತಲ್ಲ, ನಾನ್ ಅದೇ ಮನೆ ಅಂದ್ಕೊಂಡು ಎದ್ ನಿಂತ್ಬಿಟ್ಟೆ ಕಣೇ."

"ಅಯ್ಯೋ! ನಿಜವಾಗ್ಲೂ ಅತ್ತೆ?"

"ಚೀಲಾನೂ ಹಾಕ್ಕೊಂಡಿದ್ದೆ."

ಅವಳು ಫುಟ್‌ಪಾತಿನಲ್ಲೇ ನಿಂತು, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ನಂಗೂ ಬಾಯಿಗ್ ಬಂದಿತ್ತು ಅತ್ತೆ. ಆದ್ರೆ ತಲೆ ಒಳಗೆ ಅದು ಝುಂ ಅಂತಾನೇ ಇತ್ತು. ಕಿರ್ ಅಂತು. ತುಟಿ ಕಚ್ಕೊಂಡ್ ಕೂತೆ."

ಫಲಿತಾಂಶ ಬರಲು ಕೆಲವು ವಾರ ಹಿಡಿಯಿತು. ಅಷ್ಟು ದಿನವೂ ಅವಳು ದಿನಾ ನುಡಿಸಿದಳು, ನಾನು ದಿನಾ ಕೇಳಿದೆ. ಶಾಲೆ ತೆರೆಯುವ ದಿನ ಹತ್ತಿರ ಬರುತ್ತಿತ್ತು. ಒಂದು ಬೆಳಿಗ್ಗೆ, ಅವರು ಬರುವ ದಿನವೂ ಅಲ್ಲ, ಮಿಸ್ ನಮ್ಮ ಬೀದಿಯ ಮೂಲೆಯಿಂದಲೇ ಛತ್ರಿ ಆಡಿಸುತ್ತಾ ಕೂಗಿಕೊಂಡು ಬಂದರು. ಏನು ಕೂಗುತ್ತಿದ್ದಾರೆ ಅಂತ ಯಾರಿಗೂ ತಿಳಿಯಲಿಲ್ಲ. ತರಕಾರಿ ಗಾಡಿಯವನು ತನ್ನನ್ನೇ ಕರೆಯುತ್ತಿದ್ದಾರೆ ಅಂತ ನಿಂತ. ಸೊಸೆಗೆ ಮಾತ್ರ ತಿಳಿಯಿತು. ಅವಳು ಬರಿಗಾಲಲ್ಲಿ ಮೆಟ್ಟಿಲು ಇಳಿದು ಓಡಿದಳು. ನಡುರಸ್ತೆಯಲ್ಲಿ ಫ್ರಾಕಿನ ಮುದುಕಿಯೂ ನೈಟಿಯ ಹೆಂಗಸೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಕುಣಿಯುವುದನ್ನು ನಮ್ಮ ಬೀದಿ ಅವತ್ತೇ ನೋಡಿದ್ದು.

ನನಗೆ ಮಂಡಿ ನೋವು, ನಾನು ಇಳಿಯಲಿಲ್ಲ. ಬಾಲ್ಕನಿಯಿಂದಲೇ ಕೂಗಿದೆ, "ಎಷ್ಟ್ ಬಂತು?"

"ಹೈಯೆಸ್ಟ್!" ಅಂದರು ಮಿಸ್. "ಆ ಕೇಳಿಸ್ಕೊಂಡು ಹೇಳೋದ್ರಲ್ಲಿ ಈ ಸಲ ಪರೀಕ್ಷೆಗೆ ಕೂತೋರಲ್ಲೆಲ್ಲ ಇವಳೇ ಹೈಯೆಸ್ಟ್, ಅಜ್ಜಿ!"

ಅಕ್ಕಪಕ್ಕದವರೆಲ್ಲ ಹೊರಗೆ ಬಂದರು. ಕೆಳಗಿನ ಬಾಡಿಗೆ ಮನೆಯಾಕೆ ಒದ್ದೆ ಕೈಯಲ್ಲೇ ಬಂದು, "ಏನ್ ಪಾಸಾಗಿದ್ದು ಅಮ್ಮ?" ಅಂತ ತಲೆ ಎತ್ತಿ ಕೇಳಿದಳು.

ಹೇಳಿದೆ. ನನ್ನ ಸೊಸೆ ಇನ್ನು ಮೇಲೆ ಟೀಚರು ಅಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಕಂಬಿ ಹಿಡಿದು ನಿಂತು, ಒಂದು ರಾಗ ಹೇಗೆ ಮನೆ ಬಿಡುತ್ತದೆ, ಎಲ್ಲೆಲ್ಲಿ ಅಲೆಯುತ್ತದೆ, ಹೇಗೆ ಬಂದೆ ಅಂತ ಸುಳ್ಳು ಹೇಳುತ್ತದೆ, ಅದನ್ನು ನಂಬದೆ ತುಟಿ ಕಚ್ಚಿಕೊಂಡು ಕೂರಲು ಎಂಥ ಕಿವಿ ಬೇಕು ಅಂತ ಇಡೀ ಬೀದಿಗೆ ಕೇಳುವ ಹಾಗೆ ಹೇಳಿದೆ. ತರಕಾರಿಯವನು ತಕ್ಕಡಿ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ಯಾರಿಗೂ ಒಂದು ಚೂರೂ ಅರ್ಥವಾಗಲಿಲ್ಲ. ನಾನು ಎರಡನೇ ರಾಗಕ್ಕೆ ಬಂದಿದ್ದೆ, ಇನ್ನೂ ಹೇಳುವುದಿತ್ತು.